ಯಾರೂ ಹಾಡದ ಹಾಡು

ವೈಟ್‌ಫೀಲ್ಡಿನಲ್ಲಿ ವಾಗ್ವಾದಕ್ಕೆ ವಸ್ತುವಿನ ಬರವಿಲ್ಲ. ಟ್ಯಾಂಕರಿನ ನೀರಿನ ದರ, ಅಗೆದು ಮುಚ್ಚದ ರಸ್ತೆ, ವರ್ತೂರು ಕೆರೆಯ ನೊರೆ, ಯಾವುದನ್ನು ಎತ್ತಿಕೊಂಡರೂ ಒಂದು ಸಂಜೆ ಸುಖವಾಗಿ ಕಳೆದುಹೋಗುತ್ತದೆ. ಆದರೆ ಕೆಲವು ವಾರಗಳ ಹಿಂದೆ ಒಂದು ಭಾನುವಾರ ನಮ್ಮ ಮನೆಯ ತಾರಸಿಯ ಮೇಲೆ ನಡೆದ ವಾದ ಈ ಲೋಕಕ್ಕೆ ಸೇರಿದುದಾಗಿರಲಿಲ್ಲ. ನನ್ನ ತಂಗಿಯ ಮಗಳು ಇಲ್ಲಿಯ ಐ.ಟಿ. ಪಾರ್ಕಿನಲ್ಲಿ ಕೆಲಸದಲ್ಲಿದ್ದಾಳೆ. ಅವಳೂ ಅವಳ ನಾಲ್ವರು ಸ್ನೇಹಿತರೂ ಚುರುಮುರಿಯ ತಟ್ಟೆಯನ್ನು ನಡುವೆ ಇಟ್ಟುಕೊಂಡು ಕುಳಿತಿದ್ದರು. ಅವರಲ್ಲಿಬ್ಬರು ಎಲೆಕ್ಟ್ರಾನಿಕ್ ಸಿಟಿಯಿಂದ ಎರಡು ಕಡೆ ಮೆಟ್ರೋ ಬದಲಿಸಿ ಬಂದವರು. ಅಷ್ಟು ದೂರ ಬಂದು ಅವರು ಇತ್ಯರ್ಥಮಾಡಬೇಕೆಂದಿದ್ದ ಪ್ರಶ್ನೆ ಇಷ್ಟೆ: ಆಕಾಶನೌಕೆಯ ನಾವಿಕರು ಹಾಡಬಹುದೇ, ಹಾಡಬಾರದೇ?

ಸಂಗತಿ ತಿಳಿಯದ ವಾಚಕರಿಗೆ ಎರಡು ಮಾತು ಹೇಳಬೇಕು. ಅಮೆರಿಕದಲ್ಲಿ ಸ್ಟಾರ್ ಟ್ರೆಕ್ ಎಂಬ ಟೆಲಿವಿಷನ್ ಧಾರಾವಾಹಿಯೊಂದುಂಟು. ೧೯೬೬ರಲ್ಲಿ ಹುಟ್ಟಿ, ಮೂರೇ ವರ್ಷ ಬಾಳಿ, ನಿಂತುಹೋಗಿ, ಮತ್ತೆ ಮತ್ತೆ ಹುಟ್ಟಿ ಬಂದಿರುವ ಕಥೆ ಅದು. ಎಂಟರ್‌ಪ್ರೈಸ್ ಎಂಬ ಮಹಾನೌಕೆ, ಅದರ ಕಪ್ತಾನ, ಅರ್ಧ ಮಾನವನೂ ಅರ್ಧ ಪರಗ್ರಹದವನೂ ಆದ ಸ್ಪಾಕ್ ಎಂಬ ತರ್ಕನಿಷ್ಠ ಅಧಿಕಾರಿ, ನಕ್ಷತ್ರಗಳ ನಡುವೆ ಅವರ ಸಂಚಾರ, ಇವು ಅದರ ಸಾಮಗ್ರಿ. ೨೦೨೨ರಲ್ಲಿ ಮೊದಲಾದ ಅದರ ಒಂದು ಶಾಖೆಗೆ ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಎಂದು ಹೆಸರು. ೨೦೨೩ರ ಆಗಸ್ಟ್ ೩ರಂದು ಹೊರಬಂದ ಅದರ ಒಂದು ಕಂತಿನಲ್ಲಿ, ಸ್ಟಾರ್ ಟ್ರೆಕ್ಕಿನ ಇತಿಹಾಸದಲ್ಲಿಯೇ ಮೊದಲ ಬಾರಿಗೆ, ನಾವಿಕರೆಲ್ಲರೂ ಹಾಡಿಬಿಟ್ಟರು. ಅಂತರಿಕ್ಷದಲ್ಲಿ ಒಂದು ಬಿರುಕು ಕಾಣಿಸುತ್ತದೆ. ಅದರ ಮೂಲಕ ಸಂದೇಶ ಕಳುಹಿಸಬಹುದೇ ಎಂದು ಪರೀಕ್ಷಿಸುವುದಕ್ಕೆ ಹಳೆಯ ಹಾಡೊಂದನ್ನು ಅದರೊಳಕ್ಕೆ ಬಿಡುತ್ತಾರೆ. ಕೂಡಲೇ ಲೋಕದ ನಿಯಮವೇ ಬೇರೆಯಾಗಿ, ಯಾರ ಮನಸ್ಸಿನಲ್ಲಿ ಯಾವ ಗುಟ್ಟು ಅಡಗಿದೆಯೋ ಅದು ತಡೆಯಲಾರದ ಹಾಡಾಗಿ ಹೊರಬೀಳತೊಡಗುತ್ತದೆ. ಕಡೆಗೆ ಎಲ್ಲರೂ ಒಟ್ಟಿಗೆ ಹಾಡಿಯೇ ಆ ಅನಾಹುತವನ್ನು ಕಳೆಯಬೇಕಾಗುತ್ತದೆ.

ಇದನ್ನು ಹೊಗಳುವವರೂ ಉಂಟು, ತೆಗಳುವವರೂ ಉಂಟು. ವಿಜ್ಞಾನದ ಹೆಸರು ಹೇಳಿಕೊಂಡು ನಡೆಯುವ ಕಥೆಯಲ್ಲಿ ಅಧಿಕಾರಿಯೊಬ್ಬ ಇದ್ದಕ್ಕಿದ್ದಂತೆ ರಾಗವೆತ್ತಿದರೆ, ಅಲ್ಲಿಯವರೆಗೆ ಕಷ್ಟಪಟ್ಟು ಕಟ್ಟಿದ ನಂಬಿಕೆಯೆಲ್ಲ ಕುಸಿಯುತ್ತದೆ ಎಂಬುದು ತಾರಸಿಯ ಮೇಲಿನ ಒಂದು ಪಕ್ಷ. ಬೆಳಕಿಗಿಂತ ವೇಗವಾಗಿ ಓಡುವ ಹಡಗನ್ನು ನಂಬಿದವರು ಹಾಡನ್ನೇಕೆ ನಂಬಬಾರದು ಎಂಬುದು ಎದುರುಪಕ್ಷ. ನನಗೆ ಕಂಪೆನಿ ನಾಟಕಗಳ ನೆನಪಾಯಿತು. ರಂಗದ ಮೇಲೆ ಸತ್ತುಬಿದ್ದ ಪಾತ್ರಧಾರಿ ಜನರ ‘ಒನ್ಸ್ ಮೋರ್’ ಕೂಗಿಗೆ ಎದ್ದು ಕುಳಿತು, ಅದೇ ಹಾಡನ್ನು ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸಾಯುತ್ತಿದ್ದನೆಂದು ನಮ್ಮ ಹಿರಿಯರು ನಗುತ್ತ ಹೇಳುತ್ತಿದ್ದರು. ಆ ನಗೆಯ ಹಿಂದೆಯೂ ಇದೇ ಜಗಳವಿತ್ತು. ಕೈಲಾಸಂ ಅವರು ಮನೆಯ ಮಾತನ್ನೇ ರಂಗದ ಮೇಲೆ ತಂದಾಗ, ನಾಟಕಕ್ಕೆ ಹಾಡು ಬೇಡವೆಂದವರಿಗೆ ಒಬ್ಬ ನಾಯಕ ಸಿಕ್ಕಿದಂತಾಯಿತು. ಆದರೆ ಆ ಕೈಲಾಸಂ ಅವರೇ ಜನ ಬಿದ್ದುಬಿದ್ದು ನಗುವಂಥ ಹಾಡುಗಳನ್ನು ಕಟ್ಟಿದರು. ಇಂಥ ಜಗಳದಲ್ಲಿ ಯಾರೂ ಪೂರ್ಣವಾಗಿ ಒಂದೇ ಪಕ್ಷದವರಾಗಿ ಉಳಿಯುವುದಿಲ್ಲವೆಂದು ಕಾಣುತ್ತದೆ.

ಹೀಗೆ ನಾನು ಸುಮ್ಮನಿದ್ದೆ. ಅಷ್ಟರಲ್ಲಿ ಒಬ್ಬ ಹುಡುಗ ಕೊನೆಯ ಬಾಣ ಬಿಟ್ಟ. ಈ ಕಥಾಲೋಕವನ್ನು ಸೃಷ್ಟಿಸಿದ ಜೀನ್ ರಾಡನ್‌ಬೆರಿ ಬದುಕಿದ್ದರೆ ಇದಕ್ಕೆ ಎಂದಿಗೂ ಒಪ್ಪುತ್ತಿರಲಿಲ್ಲವೆಂದು ಅವನ ವಾದ. ಅದನ್ನು ಕೇಳಿ ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಏಕೆಂದರೆ ರಾಡನ್‌ಬೆರಿಯ ಪರಿಚಯ ನನಗೆ ಹಳೆಯದು. ಎಂಬತ್ತರ ದಶಕದಲ್ಲಿ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತು ಯಂತ್ರದ ಮುಂದೆ ನಿಲ್ಲುತ್ತಿದ್ದೆ. ೧೯೭೫ರಲ್ಲಿ ಆಕಾಶಕ್ಕೇರಿದ ನಮ್ಮ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಅದೇ ಪೀಣ್ಯದ ಶೆಡ್ಡುಗಳಲ್ಲಿ. ತಗಡಿನ ಮಾಡಿನ ಕೆಳಗಿನಿಂದ ಅಂತರಿಕ್ಷಕ್ಕೆ ದಾರಿಯಿದೆ ಎಂಬುದು ಆ ಪ್ರದೇಶದ ಜನಕ್ಕೆ ಆಶ್ಚರ್ಯದ ಸಂಗತಿಯಾಗಿರಲಿಲ್ಲ. ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಸ್ಟಾರ್ ಟ್ರೆಕ್ ಬರುತ್ತಿದ್ದ ಕಾಲದಲ್ಲಿ ಮನೆಯ ಒಡೆಯರ ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು ಅದನ್ನು ನೋಡಿದವನು ನಾನು. ಇಂಗ್ಲಿಷು ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ತಿಳಿಯದ ಅರ್ಧಕ್ಕೆ ಅದರ ಸಂಗೀತವೇ ಅರ್ಥ ಹೇಳುತ್ತಿತ್ತು. ಆ ಮನುಷ್ಯನ ಬಾಳನ್ನು ಆಮೇಲೆ ನಿಧಾನವಾಗಿ ಓದಿ ತಿಳಿದೆ. ಹುಡುಗನ ವಾದ ಸರಿಯೋ ತಪ್ಪೋ ಎಂಬುದು ಆ ಬಾಳಿನಲ್ಲಿಯೇ ಇದೆ.

ರಾಡನ್‌ಬೆರಿ ಹುಟ್ಟಿದ್ದು ೧೯೨೧ರ ಆಗಸ್ಟ್ ೧೯ರಂದು, ಟೆಕ್ಸಾಸ್ ಸಂಸ್ಥಾನದ ಎಲ್ ಪಾಸೊ ಎಂಬಲ್ಲಿ. ಮಗು ಎರಡು ವರ್ಷದ್ದಾಗುವ ಹೊತ್ತಿಗೆ ತಂದೆಗೆ ಲಾಸ್ ಏಂಜಲೀಸ್ ನಗರದ ಪೋಲೀಸಿನಲ್ಲಿ ಕೆಲಸ ದೊರೆತು ಸಂಸಾರ ಅಲ್ಲಿಗೆ ಹೋಯಿತು. ಮಗನೂ ಪೋಲೀಸಿನವನಾಗಬೇಕೆಂದು ಓದತೊಡಗಿದ. ನಡುವೆ ವಿಮಾನದ ಹುಚ್ಚು ಹಿಡಿಯಿತು, ಹಾರುವುದನ್ನು ಕಲಿತ. ೧೯೪೧ರಲ್ಲಿ ಸೈನ್ಯದ ವಾಯುವಿಭಾಗವನ್ನು ಸೇರಿದ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳ ಮೇಲೆ ಬಿ-೧೭ ಎಂಬ ನಾಲ್ಕು ಎಂಜಿನ್ನುಗಳ ಬಾಂಬರ್ ವಿಮಾನಗಳನ್ನು ನಡೆಸಿದ. ೧೯೪೩ರ ಆಗಸ್ಟ್ ೨ರಂದು ಎಸ್ಪಿರಿಟು ಸಾಂಟೊ ದ್ವೀಪದ ನೆಲೆಯಿಂದ ಮೇಲೇಳಹೊರಟ ಆತನ ವಿಮಾನ ಏಳಲಾರದೆ ಹಾದಿಯ ಕೊನೆಯನ್ನು ದಾಟಿ ಮರಗಳಿಗೆ ಹೊಡೆದು ಹೊತ್ತಿಕೊಂಡಿತು. ಸಂಗಡಿಗರಲ್ಲಿ ಇಬ್ಬರು ಸತ್ತರು. ವಿಚಾರಣೆ ನಡೆಯಿತು, ಚಾಲಕನ ತಪ್ಪಿಲ್ಲವೆಂದು ತೀರ್ಮಾನವಾಯಿತು. ತಪ್ಪಿಲ್ಲವೆಂದು ಕಾಗದದಲ್ಲಿ ಬರೆದುಕೊಟ್ಟ ಮಾತ್ರಕ್ಕೆ ಇಪ್ಪತ್ತೆರಡು ವರ್ಷದ ಹುಡುಗನ ಮನಸ್ಸಿನಿಂದ ಎರಡು ಮುಖಗಳು ಅಳಿಸಿಹೋದವೆಂದು ನಾನು ನಂಬಲಾರೆ.

ಯುದ್ಧ ಮುಗಿದ ಮೇಲೆ ಪ್ಯಾನ್ ಅಮೆರಿಕನ್ ಕಂಪೆನಿಯಲ್ಲಿ ವಿಮಾನಚಾಲಕನಾದ. ಆಗಲೂ ಮೃತ್ಯು ಆತನ ಬೆನ್ನು ಬಿಡಲಿಲ್ಲ. ೧೯೪೭ರ ಜೂನ್ ತಿಂಗಳಲ್ಲಿ ಕರಾಚಿಯಿಂದ ಇಸ್ತಾಂಬುಲ್ ಕಡೆಗೆ ಹೊರಟ ವಿಮಾನದಲ್ಲಿ ಆತನಿದ್ದ. ಮೂವತ್ತಾರು ಜನರ ವಿಮಾನ ಅದು. ನಡುರಾತ್ರಿಯ ವೇಳೆಯಲ್ಲಿ ಸಿರಿಯಾದ ಮರುಭೂಮಿಯ ಮೇಲೆ ಒಂದು ಎಂಜಿನ್ ಕೆಟ್ಟಿತು, ಬೆಂಕಿ ಹತ್ತಿತು, ರೆಕ್ಕೆಯಿಂದ ಎಂಜಿನ್ ಕಳಚಿಬಿತ್ತು. ವಿಮಾನ ಬೀಳುವುದು ನಿಶ್ಚಯವಾದಾಗ ರಾಡನ್‌ಬೆರಿ ಪ್ರಯಾಣಿಕರ ನಡುವೆ ಬಂದು ಅವರಿಗೆ ಧೈರ್ಯ ಹೇಳುತ್ತ ಕುಳಿತಿದ್ದ. ನೆಲಕ್ಕೆ ಬಿದ್ದ ಮೇಲೆ, ಎರಡು ಪಕ್ಕೆಲುಬುಗಳು ಮುರಿದಿದ್ದರೂ ಉರಿಯುವ ವಿಮಾನದಿಂದ ಜನರನ್ನು ಎಳೆದು ಹೊರಕ್ಕೆ ತಂದ. ಹದಿನೈದು ಮಂದಿ ಸತ್ತರು. ಸಿರಿಯಾದ ಆ ಮರಳಿನಲ್ಲಿ ಬೆಳಗಾಗುವವರೆಗೆ ಗಾಯಾಳುಗಳ ನಡುವೆ ಕಳೆದ ಹೊತ್ತನ್ನು ನಾನು ಆತನ ಬಾಳಿನ ನಡುಗಂಬವೆಂದು ತಿಳಿದಿದ್ದೇನೆ. ಮುಂದೆ ಆತ ಕಟ್ಟಿದ ಕಥೆಯಲ್ಲಿ ನೌಕೆ ಎಷ್ಟು ಸಲ ಅಪಾಯಕ್ಕೆ ಸಿಕ್ಕಿದರೂ ಅಲ್ಲಿಯ ಅಧಿಕಾರಿಗಳು ಗಾಬರಿಪಡದೆ ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಯಾರೂ ಯಾರನ್ನೂ ಬಿಟ್ಟು ಓಡುವುದಿಲ್ಲ. ಕಲ್ಪನೆಯಿಂದ ಹುಟ್ಟಿದ ಗುಣವಲ್ಲ ಅದು.

ಮರುವರ್ಷ ಆ ನೌಕರಿಯನ್ನು ಬಿಟ್ಟು ಬರೆಹಗಾರನಾಗಬೇಕೆಂದು ಲಾಸ್ ಏಂಜಲೀಸಿಗೆ ಮರಳಿದ. ಬರೆಹ ಕೂಡಲೇ ಹೊಟ್ಟೆಗೆ ಹಾಕುವುದಿಲ್ಲವಷ್ಟೆ. ೧೯೪೯ರಲ್ಲಿ ತಂದೆಯಂತೆ ಪೋಲೀಸ್ ಸೇರಿದ. ಮೊದಲು ರಸ್ತೆಯ ಸಂಚಾರ ನೋಡಿಕೊಳ್ಳುವ ಕೆಲಸ, ಆಮೇಲೆ ಪೋಲೀಸ್ ಮುಖ್ಯಸ್ಥ ವಿಲಿಯಂ ಪಾರ್ಕರ್‌ಗೆ ಭಾಷಣ ಬರೆದುಕೊಡುವ ಕೆಲಸ. ರಾತ್ರಿಯ ಹೊತ್ತು ರಾಬರ್ಟ್ ವೆಸ್ಲಿ ಎಂಬ ಸುಳ್ಳುಹೆಸರಿನಲ್ಲಿ ಟೆಲಿವಿಷನ್ನಿಗೆ ಕಥೆ ಬರೆಯುತ್ತಿದ್ದ. ೧೯೫೬ರಲ್ಲಿ ಪೋಲೀಸಿಗೆ ರಾಜೀನಾಮೆ ಕೊಟ್ಟು ಪೂರ್ಣವಾಗಿ ಬರೆಹಕ್ಕೆ ಇಳಿದ. ಕುದುರೆ ಸವಾರರ ಕಥೆಗಳು, ಪೋಲೀಸ್ ಕಥೆಗಳು, ಬೇಡಿಕೆಯಿದ್ದುದನ್ನೆಲ್ಲ ಬರೆದ. ಸೈನಿಕರ ಜೀವನದ ಬಗ್ಗೆ ಆತ ತಾನೇ ನಿರ್ಮಿಸಿದ ಧಾರಾವಾಹಿಯಲ್ಲಿ ಬಿಳಿಯ ಮತ್ತು ಕರಿಯ ಸೈನಿಕರ ನಡುವಣ ದ್ವೇಷವನ್ನು ಕುರಿತ ಒಂದು ಕಂತು ಸಿದ್ಧವಾಯಿತು. ಪ್ರಸಾರ ಸಂಸ್ಥೆ ಅದನ್ನು ಮುಟ್ಟಲಿಲ್ಲ. ಈ ಭೂಮಿಯ ಮೇಲೆ ಹೇಳಲಾಗದ ಮಾತನ್ನು ಬೇರೊಂದು ಗ್ರಹದ ಮೇಲೆ ಇಟ್ಟು ಹೇಳಿದರೆ ಯಾರೂ ತಡೆಯಲಾರರು ಎಂಬ ಉಪಾಯ ಆತನಿಗೆ ಹೊಳೆದದ್ದು ಇಂಥ ಪೆಟ್ಟುಗಳಿಂದ. ನಮ್ಮಲ್ಲಿ ರಾಜನಿಗೆ ಹೇಳಬೇಕಾದ ಬುದ್ಧಿಯನ್ನು ನರಿಯ ಬಾಯಲ್ಲಿಟ್ಟು ಹೇಳಿದ ದುರ್ಗಸಿಂಹನ ಪಂಚತಂತ್ರವನ್ನು ಬಲ್ಲವರಿಗೆ ಈ ಉಪಾಯ ಹೊಸತಲ್ಲ.

೧೯೬೪ರಲ್ಲಿ ಆತ ಸ್ಟಾರ್ ಟ್ರೆಕ್ಕಿನ ಯೋಜನೆಯನ್ನು ಕೆಲವೇ ಹಾಳೆಗಳಲ್ಲಿ ಬರೆದು ಮುಂದಿಟ್ಟ. ಹಾಸ್ಯನಟಿ ಲೂಸಿಲ್ ಬಾಲ್ ಒಡೆತನದ ಡೆಸಿಲು ಎಂಬ ಸಂಸ್ಥೆ ಅದಕ್ಕೆ ಆಶ್ರಯ ಕೊಟ್ಟಿತು. ಮಾದರಿಗಾಗಿ ಮಾಡಿದ ಮೊದಲ ಕಂತಿನ ಕಪ್ತಾನನ ಹೆಸರು ಪೈಕ್. ಆತನ ಮುಂದಿನ ಅಧಿಕಾರಿ ಒಬ್ಬ ಹೆಂಗಸು. ಆ ಪಾತ್ರವನ್ನು ವಹಿಸಿದವಳು ಮೇಜಲ್ ಬ್ಯಾರೆಟ್. ಪ್ರಸಾರ ಸಂಸ್ಥೆಯಾದ ಎನ್.ಬಿ.ಸಿ. ಆ ಕಂತನ್ನು ಒಪ್ಪಲಿಲ್ಲ. ಅದು ತೀರ ತಲೆಗೆ ಕೆಲಸ ಕೊಡುವಂಥದೆಂದು ಅವರ ಆಕ್ಷೇಪ. ಆದರೂ ಯಾವ ಕಾರಣಕ್ಕೋ ಮತ್ತೊಂದು ಮಾದರಿ ಮಾಡಿಕೊಡಲು ಅವಕಾಶ ಕೊಟ್ಟರು. ಪೈಕ್ ಹೋದ, ಕರ್ಕ್ ಬಂದ. ಹೆಂಗಸಿನ ಅಧಿಕಾರ ಹೋಯಿತು, ಸ್ಪಾಕ್ ಉಳಿದ. ೧೯೬೬ರ ಸೆಪ್ಟೆಂಬರ್ ೮ರಂದು ಕಥೆ ಜನರೆದುರಿಗೆ ಬಂತು.

ಇಲ್ಲಿ ಸಂಗೀತದ ಮಾತು ಬರುತ್ತದೆ. ಧಾರಾವಾಹಿಯ ಮುಖಗೀತವನ್ನು ಕಟ್ಟಲು ಗೊತ್ತಾದವನು ಅಲೆಕ್ಸಾಂಡರ್ ಕರೇಜ್ ಎಂಬ ಸಂಗೀತಗಾರ. ವಿಚಿತ್ರ ಸದ್ದುಗಳ ಆಕಾಶಸಂಗೀತ ತನಗೆ ಬೇಡ, ಸಾಹಸಯಾತ್ರೆಯ ಹುಮ್ಮಸ್ಸು ಬೇಕು ಎಂದು ರಾಡನ್‌ಬೆರಿ ಹೇಳಿದ್ದ. ಅದು ಆತನ ಸೂಕ್ಷ್ಮ. ಆತನ ಮನಸ್ಸಿನಲ್ಲಿದ್ದುದು ನೀರಿನ ಮೇಲೆ ಹಾಯಿ ಬಿಚ್ಚಿದ ಹಡಗು. ಕರೇಜನಿಗೆ ವೈಜ್ಞಾನಿಕ ಕಥೆಗಳಲ್ಲಿ ಪ್ರೀತಿಯಿರಲಿಲ್ಲ. ಆದರೆ ಬಾಲ್ಯದಲ್ಲಿ ರೇಡಿಯೋದಲ್ಲಿ ಕೇಳಿದ ಹಳೆಯ ಹಾಡೊಂದರ ಗತಿ ಮನಸ್ಸಿನಲ್ಲಿ ಉಳಿದಿತ್ತು. ಕೆಳಗೆ ತಾಳ ಓಡುತ್ತಿರುತ್ತದೆ, ಮೇಲೆ ರಾಗ ನಿಧಾನವಾಗಿ ತೇಲುತ್ತದೆ. ಅದೇ ಕ್ರಮದಲ್ಲಿ ಈ ಮುಖಗೀತವನ್ನು ಕಟ್ಟಿದ. ಲೂಲಿ ಜೀನ್ ನಾರ್ಮನ್ ಎಂಬ ಗಾಯಕಿಯ ತಾರಸ್ಥಾಯಿಯ ಕಂಠ ಅದರಲ್ಲಿ ಮಾತಿಲ್ಲದೆ ಹರಿಯುತ್ತದೆ. ನಮ್ಮವರು ಕೇಳಿದರೆ ಆಲಾಪನೆಯೆನ್ನಬಹುದು. ನೌಕೆ ಪರದೆಯ ಮೇಲೆ ಸರ್ರನೆ ಹಾದುಹೋಗುವಾಗ ಕೇಳುವ ಗಾಳಿಯ ಸದ್ದನ್ನು ಕರೇಜ್ ತನ್ನ ಬಾಯಿಂದಲೇ ಮಾಡಿದನಂತೆ. ಪೀಣ್ಯದ ಆ ನಡುಮನೆಯಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಈ ಸ್ವರವೇ.

ಈ ಸ್ವರಕ್ಕೆ ರಾಡನ್‌ಬೆರಿ ಒಂದು ಸಾಹಿತ್ಯವನ್ನು ಬರೆದ. ನಕ್ಷತ್ರಗಳ ನಡುವೆ ಅಲೆಯುವ ಪ್ರಿಯನನ್ನು ನೆನೆಯುವ ಹೆಂಗಸಿನ ಹಾಡು. ಅದನ್ನು ಹಾಡಿಸುವ ಉದ್ದೇಶವೇ ಆತನಿಗಿರಲಿಲ್ಲ. ಧಾರಾವಾಹಿಯ ಒಂದು ಕಂತಿನಲ್ಲಿಯೂ ಅದನ್ನು ಯಾರೂ ಹಾಡಲಿಲ್ಲ. ಹಾಗಾದರೆ ಬರೆದುದೇಕೆ? ಕರೇಜ್ ಸಹಿ ಮಾಡಿದ ಒಪ್ಪಂದದಲ್ಲಿ ರಾಡನ್‌ಬೆರಿ ಬೇಕೆಂದಾಗ ಸಾಹಿತ್ಯ ಸೇರಿಸಬಹುದೆಂಬ ಒಂದು ಷರತ್ತಿತ್ತು. ಸಾಹಿತ್ಯ ಸೇರಿತೆಂದರೆ, ಹಾಡಲಿ ಬಿಡಲಿ, ಕೃತಿಗೆ ಇಬ್ಬರು ಕರ್ತೃಗಳು. ಮುಖಗೀತ ಪ್ರಸಾರವಾದಾಗಲೆಲ್ಲ ಬರುವ ಹಣದಲ್ಲಿ ಅರ್ಧ ಸಂಗೀತಗಾರನಿಗೆ, ಅರ್ಧ ಸಾಹಿತ್ಯದ ಕರ್ತೃವಿಗೆ. ಕರೇಜ್ ಇದನ್ನು ಅನ್ಯಾಯವೆಂದು ಕರೆದ. ಧಾರಾವಾಹಿಯ ಲಾಭದಿಂದ ತನಗೇನೂ ಬರುವಂತಿಲ್ಲ, ಎಲ್ಲಿಂದಲಾದರೂ ಸಂಪಾದಿಸಬೇಕಷ್ಟೆ ಎಂಬ ಧಾಟಿಯಲ್ಲಿ ರಾಡನ್‌ಬೆರಿ ಸಮಾಧಾನ ಹೇಳಿದ. ಕಾನೂನಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ನನಗೆ ಕಾಣುತ್ತದೆ. ಮುಂದಿನ ಶತಮಾನಗಳಲ್ಲಿ ಮನುಷ್ಯ ಹಣದ ಆಸೆಯನ್ನೇ ದಾಟಿಬಿಟ್ಟಿರುತ್ತಾನೆಂದು ಜಗತ್ತಿಗೆ ಸಾರಿದವನು, ತನ್ನ ಶತಮಾನದಲ್ಲಿ ಗೆಳೆಯನ ದುಡಿಮೆಯ ಅರ್ಧವನ್ನು ಯಾರೂ ಹಾಡದ ಹಾಡಿನಿಂದ ಕಿತ್ತುಕೊಂಡ. ಈ ಭಾಗವನ್ನು ತಾರಸಿಯ ಹುಡುಗರಿಗೆ ಹೇಳಿದಾಗ ಒಂದು ನಿಮಿಷ ಎಲ್ಲರೂ ಸುಮ್ಮನಾದರು. ಒಪ್ಪಂದದ ಸಣ್ಣ ಅಕ್ಷರಗಳನ್ನು ಓದದೆ ಸಹಿ ಮಾಡಿದ ಅನುಭವ ಅವರಲ್ಲಿ ಯಾರಿಗಿರಲಿಲ್ಲ!

ಹಾಗೆಂದು ನೌಕೆಯಲ್ಲಿ ಹಾಡಿಗೆ ಆತ ಬಾಗಿಲು ಹಾಕಿರಲಿಲ್ಲ. ಸಂದೇಶಾಧಿಕಾರಿ ಉಹುರಾಳ ಪಾತ್ರಕ್ಕೆ ಆತ ಆರಿಸಿದ್ದು ನಿಚೆಲ್ ನಿಕೋಲ್ಸ್ ಎಂಬ ಕರಿಯ ಜನಾಂಗದ ಕಲಾವಿದೆಯನ್ನು. ಆಕೆ ಡ್ಯೂಕ್ ಎಲಿಂಗ್ಟನ್ನನ ವಾದ್ಯವೃಂದದೊಡನೆ ಹಾಡಿದ್ದವಳು. ಮೊದಲ ವರ್ಷದಲ್ಲಿಯೇ ಆಕೆ ವಿರಾಮದ ಕೋಣೆಯಲ್ಲಿ ಸ್ಪಾಕ್ ತಂತಿವಾದ್ಯ ನುಡಿಸುತ್ತಿರಲು ಹಾಡಿದಳು. ಇನ್ನೊಂದು ಕಂತಿನಲ್ಲಿಯೂ ಹಾಡಿದಳು. ಬಿಡುವಿನ ವೇಳೆಯಲ್ಲಿ ಒಬ್ಬರು ಹಾಡಿದರೆ ಉಳಿದವರು ತಲೆದೂಗುತ್ತಾರೆ. ಮನೆಯಲ್ಲಿ ನಡೆಯುವಂತೆಯೇ ಅದು. ಆ ವರ್ಷದ ಕೊನೆಗೆ ಆಕೆ ಕೆಲಸ ಬಿಡಲು ನಿಶ್ಚಯಿಸಿದಾಗ ಮಾರ್ಟಿನ್ ಲೂಥರ್ ಕಿಂಗ್ ಅವರೇ ಆಕೆಯನ್ನು ತಡೆದರೆಂಬುದು ಪ್ರಸಿದ್ಧವಾದ ಸಂಗತಿ. ಆ ಆಸನದಲ್ಲಿ ಆಕೆ ಕುಳಿತಿರುವುದೇ ಅಮೆರಿಕದ ಕರಿಯರಿಗೆ ದೊಡ್ಡ ಸುದ್ದಿಯಾಗಿತ್ತು. ಮೂರನೆಯ ವರ್ಷದ ಒಂದು ಕಂತಿನಲ್ಲಿ ದುಷ್ಟಶಕ್ತಿಯುಳ್ಳವರು ಸ್ಪಾಕ್‌ನನ್ನು ಬಲವಂತದಿಂದ ಹಾಡಿಸಿ ಅವಮಾನಿಸುತ್ತಾರೆ. ಇನ್ನೊಂದರಲ್ಲಿ ನೌಕೆಗೆ ಬಂದ ಅಲೆಮಾರಿ ಯುವಕರು ಹಾಡುತ್ತ ಕುಣಿಯುತ್ತಾರೆ. ಅಷ್ಟು ಹೊತ್ತಿಗೆ ಪ್ರಸಾರದ ವೇಳೆಯ ಬಗ್ಗೆ ಎನ್.ಬಿ.ಸಿ.ಯೊಡನೆ ಮನಸ್ತಾಪವಾಗಿ ರಾಡನ್‌ಬೆರಿ ದಿನದಿನದ ಕೆಲಸದಿಂದ ದೂರ ಸರಿದಿದ್ದ.

ಅಭಿಮಾನಿಗಳ ಮಾತನ್ನು ಇಲ್ಲಿ ಹೇಳಲೇಬೇಕು. ಎರಡನೆಯ ವರ್ಷದಲ್ಲಿಯೇ ಧಾರಾವಾಹಿ ನಿಲ್ಲುವುದೆಂಬ ಸುದ್ದಿ ಹಬ್ಬಿದಾಗ ಜಾನ್ ಮತ್ತು ಬಿಜೊ ಟ್ರಿಂಬಲ್ ಎಂಬ ದಂಪತಿಗಳು ದೇಶದ ತುಂಬ ಅಭಿಮಾನಿಗಳಿಂದ ಪತ್ರಗಳನ್ನು ಬರೆಸಿದರು. ಮೂಟೆಮೂಟೆಯಾಗಿ ಕಾಗದ ಬಂತು. ಮೂರನೆಯ ವರ್ಷ ದೊರೆಯಿತು. ೧೯೬೯ರಲ್ಲಿ ಎಪ್ಪತ್ತೊಂಬತ್ತು ಕಂತುಗಳಾಗಿ ನಿಂತೇ ಹೋಯಿತು. ಆಮೇಲೆ ಊರೂರಿನ ಟೆಲಿವಿಷನ್ ಕೇಂದ್ರಗಳು ಹಳೆಯ ಕಂತುಗಳನ್ನೇ ಮತ್ತೆ ಮತ್ತೆ ಹಾಕಿದಾಗ ಅದು ನಿಜವಾಗಿ ಜನಪ್ರಿಯವಾಯಿತು; ಪ್ರತಿ ಸಲವೂ ಹಾಡದ ಹಾಡಿನ ಅರ್ಧ ಹಣ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ೧೯೭೬ರಲ್ಲಿ ಅಮೆರಿಕ ತನ್ನ ಮೊದಲ ಶಟಲ್ ನೌಕೆಗೆ ಎಂಟರ್‌ಪ್ರೈಸ್ ಎಂದು ಹೆಸರಿಟ್ಟಿದ್ದು ಕೂಡ ಅಭಿಮಾನಿಗಳ ಪತ್ರಗಳ ಒತ್ತಾಯದಿಂದಲೇ. ತಾವು ಉಳಿಸಿಕೊಂಡ ಕಥೆಯ ಮೇಲೆ ತಮಗೂ ಹಕ್ಕಿದೆಯೆಂದು ಅಭಿಮಾನಿಗಳು ಭಾವಿಸಿದರೆ ಅದು ಕೇವಲ ಉದ್ಧಟತನವಲ್ಲ.

೧೯೭೯ರಲ್ಲಿ ಅದು ಚಲನಚಿತ್ರವಾಯಿತು. ನಮ್ಮ ಮುಂಬಯಿಯ ಪರ್ಸಿಸ್ ಖಂಬಾಟಾ ತಲೆ ಬೋಳಿಸಿಕೊಂಡು ಅದರಲ್ಲಿ ನಟಿಸಿದಳು. ಖರ್ಚು ಮಿತಿಮೀರಿತೆಂದು ಮುಂದಿನ ಚಿತ್ರಗಳಲ್ಲಿ ರಾಡನ್‌ಬೆರಿಯ ಕೈಯಿಂದ ಅಧಿಕಾರ ತಪ್ಪಿತು. ಮತ್ತೆ ಅಧಿಕಾರ ಸಿಕ್ಕಿದ್ದು ೧೯೮೭ರಲ್ಲಿ, ಹೊಸ ತಲೆಮಾರಿನ ಹೊಸ ಧಾರಾವಾಹಿ ಮೊದಲಾದಾಗ. ಆಗ ಆತ ಬರೆಹಗಾರರಿಗೆ ಒಂದು ಕಟ್ಟಳೆ ಹಾಕಿದ. ಇಪ್ಪತ್ತನಾಲ್ಕನೆಯ ಶತಮಾನದ ಮನುಷ್ಯರು ಅಸೂಯೆ, ಜಗಳ, ಸಣ್ಣತನಗಳನ್ನು ಮೀರಿದವರು. ಆದ್ದರಿಂದ ನಾವಿಕರು ತಮ್ಮತಮ್ಮೊಳಗೆ ಕಚ್ಚಾಡಬಾರದು. ಬರೆಹಗಾರರು ತಲೆಯ ಮೇಲೆ ಕೈಹೊತ್ತು ಕುಳಿತರು. ಘರ್ಷಣೆಯಿಲ್ಲದೆ ನಾಟಕ ಎಲ್ಲಿಂದ ಬರಬೇಕು? ೧೯೮೯ರಲ್ಲಿ ರೊನಾಲ್ಡ್ ಮೂರ್ ಎಂಬ ತರುಣ ಒಂದು ಕಥೆ ಬರೆದ. ನೌಕೆಯಲ್ಲಿ ತಾಯಿಯನ್ನು ಕಳೆದುಕೊಂಡ ಒಬ್ಬ ಬಾಲಕನ ಕಥೆ ಅದು. ಆ ಕಾಲದ ಮಕ್ಕಳು ಮರಣವನ್ನು ಜೀವನದ ಸಹಜ ಭಾಗವೆಂದು ಒಪ್ಪಿಕೊಂಡಿರುತ್ತಾರೆ, ಆ ಹುಡುಗ ಅಳಬಾರದು ಎಂದು ರಾಡನ್‌ಬೆರಿ ಪಟ್ಟುಹಿಡಿದ. ಕಥೆಯನ್ನು ತಿದ್ದಿದರು. ಹುಡುಗ ಅಳದೆ ಇರುವುದೇ ದೊಡ್ಡವರಿಗೆ ಚಿಂತೆಯ ವಿಷಯವಾಗುವಂತೆ ಮಾಡಿ ಜಾಣತನದಿಂದ ಪಾರಾದರು.

ತಾಯಿ ಸತ್ತರೂ ಅಳದ ಮಗು! ಮೊದಲ ಸಲ ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಸಿಟ್ಟು ಇಳಿದಿದೆ. ಉರಿಯುವ ಎರಡು ವಿಮಾನಗಳಿಂದ ಜೀವಸಹಿತ ಹೊರಬಂದವನು, ಅಳುವನ್ನೇ ಕಾಣದ ಒಂದು ಕಾಲವನ್ನು ಕನಸಿದನೆಂದು ತಿಳಿದರೆ, ಆ ಮೊಂಡುತನಕ್ಕೆ ಒಂದು ಮುಖ ಬರುತ್ತದೆ. ಇದು ನನ್ನ ಊಹೆ. ಆತ ಹಾಗೆ ಬರೆದಿಟ್ಟದ್ದನ್ನು ನಾನು ಕಂಡಿಲ್ಲ. ಸ್ವಂತ ಬಾಳಿನಲ್ಲಿಯಂತೂ ಆತ ತನ್ನ ಕಥೆಯ ಮನುಷ್ಯರಂತೆ ಇರಲಿಲ್ಲ. ಮೊದಲ ಹೆಂಡತಿಗೆ ನಿಷ್ಠನಾಗಿರಲಿಲ್ಲ. ಇತರರ ಕೆಲಸಕ್ಕೆ ಸಲ್ಲಬೇಕಾದ ಕೀರ್ತಿಯೂ ಎಷ್ಟೋ ವೇಳೆ ಆತನ ಹೆಸರಿಗೇ ಸಂದಿತು. ಕ್ಲಿಂಗಾನರೆಂಬ ವೈರಿಜನಾಂಗವನ್ನು ಕಲ್ಪಿಸಿದವನು ಜೀನ್ ಕೂನ್ ಎಂಬ ಬೇರೊಬ್ಬ ಬರೆಹಗಾರನೆಂದು ಎಷ್ಟು ಜನಕ್ಕೆ ಗೊತ್ತು? ೧೯೬೯ರಲ್ಲಿ ಮೇಜಲ್ ಬ್ಯಾರೆಟ್‌ಳನ್ನು ಮದುವೆಯಾಗಿ ಕಡೆಯವರೆಗೆ ಆಕೆಯೊಡನೆ ಬಾಳಿದ. ೧೯೯೧ರ ಅಕ್ಟೋಬರ್ ೨೪ರಂದು, ತನ್ನ ಎಪ್ಪತ್ತನೆಯ ವರ್ಷದಲ್ಲಿ, ಸಾಂಟಾ ಮೋನಿಕಾದಲ್ಲಿ ತೀರಿಕೊಂಡ. ಆತನ ಚಿತಾಭಸ್ಮದ ಒಂದು ಚಿಟಿಕೆಯನ್ನು ೧೯೯೭ರಲ್ಲಿ ರಾಕೆಟ್ಟಿನಲ್ಲಿಟ್ಟು ಭೂಮಿಯ ಸುತ್ತ ಸುತ್ತಲು ಕಳುಹಿಸಿದರು.

ಇನ್ನು ಹುಡುಗನ ಬಾಣಕ್ಕೆ ಉತ್ತರ. ೨೦೨೩ರಲ್ಲಿ ಹಾಡಿದವರು ಯಾರು? ಕಪ್ತಾನ ಪೈಕ್, ಎನ್.ಬಿ.ಸಿ. ಬೇಡವೆಂದು ತಳ್ಳಿದ ಮೊದಲ ಮಾದರಿಯ ಕಪ್ತಾನ. ಆತನ ಮುಂದಿನ ಅಧಿಕಾರಿಯಾದ ಆ ಹೆಂಗಸು. ಮೇಜಲ್ ಬ್ಯಾರೆಟ್ ಕಳೆದುಕೊಂಡ ಪಾತ್ರ. ದಾದಿ ಚಾಪೆಲ್, ಅದಕ್ಕೆ ಬದಲಾಗಿ ಮೇಜಲ್‌ಗೆ ಮುಂದೆ ದೊರೆತ ಪಾತ್ರ. ಉಹುರಾ, ಹಿಂದೆ ವಿರಾಮದ ಕೋಣೆಯಲ್ಲಿ ಹಾಡಿದವಳು, ಇಲ್ಲಿ ಎಲ್ಲರನ್ನೂ ಸೇರಿಸಿ ಹಾಡಿಸುತ್ತಾಳೆ. ಕೂನ್ ಕಲ್ಪಿಸಿದ ಕ್ಲಿಂಗಾನರೂ ಒಂದು ಗಳಿಗೆ ಹಾಡಿ ಕುಣಿಯುತ್ತಾರೆ. ಅಂದು ಬಲವಂತಕ್ಕೆ ಹಾಡಿ ಅವಮಾನಪಟ್ಟ ಸ್ಪಾಕ್, ಇಂದು ಚಾಪೆಲ್ ತನ್ನನ್ನು ಬಿಟ್ಟು ಹೋಗಲಿರುವ ನೋವನ್ನು ಒಬ್ಬನೇ ನಿಂತು ಹಾಡಿಕೊಳ್ಳುತ್ತಾನೆ. ರಾಡನ್‌ಬೆರಿ ಇದನ್ನು ನೋಡಿದ್ದರೆ ಹಾಡಿಗಾಗಿ ಹುಬ್ಬು ಗಂಟಿಕ್ಕುತ್ತಿರಲಿಲ್ಲವೆಂದು ನನ್ನ ನಂಬಿಕೆ. ಆತ ಎದ್ದುಹೋಗುತ್ತಿದ್ದರೆ ಅದು ಆ ಅಳುವಿಗಾಗಿ. ಇಷ್ಟು ಶತಮಾನಗಳ ಆಚೆಗೂ ಮನುಷ್ಯರು ಒಬ್ಬರನ್ನೊಬ್ಬರು ನೋಯಿಸುತ್ತಾರೆ, ಗುಟ್ಟು ಮುಚ್ಚಿಡುತ್ತಾರೆ, ಬಿಟ್ಟು ಹೋಗುತ್ತಾರೆ ಎಂದು ಆ ಕಂತು ಹೇಳುತ್ತದೆ. ಆತ ಒಪ್ಪದಿದ್ದುದು ಅದನ್ನು. ಈ ವಿಷಯದಲ್ಲಿ ನಾನು ಆತನ ಪಕ್ಷದವನಲ್ಲ. ಆ ಬಾಲಕ ಅಳಬೇಕಾಗಿತ್ತು.

ಹುಡುಗ ಒಪ್ಪಲಿಲ್ಲ. ಅಳುವುದಾದರೆ ಅಳಲಿ, ಮಾತಿನಲ್ಲೇ ಅಳಬಹುದಲ್ಲ ಎಂದು ಮತ್ತೆ ಮೊದಲಿನಿಂದ ಆರಂಭಿಸಿದ. ಅಷ್ಟರಲ್ಲಿ ನನ್ನ ತಂಗಿಯ ಮಗಳು ರಾಡನ್‌ಬೆರಿಯ ಸಾಹಿತ್ಯವನ್ನು ಫೋನಿನಲ್ಲಿ ಹುಡುಕಿ ತೆಗೆದಿದ್ದಳು. ಮುಖಗೀತವನ್ನು ಹಾಕಿ ಅದರ ಜೊತೆಗೆ ಮಾತುಗಳನ್ನು ಕೂಡಿಸಲು ನೋಡಿದಳು. ಎಳೆಯ ವಯಸ್ಸಿನಲ್ಲಿ ಮಲ್ಲೇಶ್ವರದಲ್ಲಿ ನಾಲ್ಕು ವರ್ಷ ಪಾಠ ಹೇಳಿಸಿಕೊಂಡ ಕಂಠ ಅವಳದು. ಮೊದಲ ಸಾಲು ಹೇಗೋ ಬಂತು. ಎರಡನೆಯದರಲ್ಲಿ ಸ್ವರ ಥಟ್ಟನೆ ಮೇಲಕ್ಕೆ ನೆಗೆಯಿತು, ಮಾತು ಕೆಳಗೇ ಉಳಿಯಿತು. ಅವಳು ನಗುತ್ತ ಮಾತನ್ನು ಬಿಟ್ಟು ಬರಿಯ ಸ್ವರವನ್ನೇ ಹಿಡಿದಳು. ವಾದ ಮಾಡುತ್ತಿದ್ದ ಹುಡುಗನೂ ಬಾಯಿ ಮುಚ್ಚಿ ಕೇಳುತ್ತಿದ್ದ. ಚುರುಮುರಿಯ ತಟ್ಟೆ ಅಷ್ಟು ಹೊತ್ತಿಗೆ ಖಾಲಿಯಾಗಿತ್ತು.